ಮದರ್‌ಬೋರ್ಡ್ ಬಿಚ್ಚುವ ಮೊದಲು ವಿಂಡೋಸ್ ಲೈಸೆನ್ಸ್ ಭದ್ರ ಮಾಡಿಕೊಳ್ಳಿ

ರ್‍ಯಾಮ್ ಹೆಚ್ಚಿಸಿದರೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ವಿಂಡೋಸ್ ಸಾಮಾನ್ಯವಾಗಿ ತುಟಿ ಪಿಟಕ್ಕೆನ್ನುವುದಿಲ್ಲ. ಮದರ್‌ಬೋರ್ಡ್ ಬದಲಿಸಿದ ದಿನ ಮಾತ್ರ ಪರದೆಯ ಬಲ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರಗಳು ಬಂದು ಕೂರುತ್ತವೆ. ಆಗ ಕೀ (25 ಅಕ್ಷರಗಳ ಪ್ರಾಡಕ್ಟ್ ಕೀ) ಎಲ್ಲಿದೆ, ಯಾವ ಇಮೇಲ್ ಕೊಟ್ಟಿದ್ದೆವು ಎಂದು ಹುಡುಕಾಟ ಶುರುವಾಗುತ್ತದೆ. ಹಳೆಯ ಬೋರ್ಡ್ ಇನ್ನೂ ಜೀವಂತವಿರುವಾಗ ಹತ್ತು ನಿಮಿಷ ಕೊಟ್ಟಿದ್ದರೆ ಇದರಲ್ಲಿ ಮುಕ್ಕಾಲು ಪಾಲು ತಲೆನೋವು ಇರುತ್ತಿರಲಿಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ ಕ್ಯಾಬಿನೆಟ್, ಎಸ್‌ಎಂಪಿಎಸ್, ಡಿಸ್ಕ್ ಎಲ್ಲ ಉಳಿಸಿಕೊಂಡು ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರನ್ನೇ ಹೊಸದು ಹಾಕಿಸುವವರು ಹೆಚ್ಚಾಗಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ವಿಂಡೋಸ್ 10ರ ಲೈಸೆನ್ಸ್ ಅದೇ ಆವೃತ್ತಿಯ (ಹೋಮ್, ಪ್ರೊ ಇತ್ಯಾದಿ) ವಿಂಡೋಸ್ 11ಕ್ಕೂ ಸಲ್ಲುತ್ತದೆ, ಹಾಗಾಗಿ 11ಕ್ಕೆ ಹೋಗುವುದಷ್ಟಕ್ಕೇ ಹೊಸದು ಕೊಳ್ಳಬೇಕಾಗಿಲ್ಲ.

ಬೋರ್ಡೇ ಯಾಕೆ?

ವಿಂಡೋಸ್ ಆಕ್ಟಿವೇಟ್ ಆಗುವಾಗ ಯಂತ್ರದ ಬಿಡಿಭಾಗಗಳ ವಿವರಗಳಿಂದ ಒಂದು ಗುರುತು ತಯಾರಾಗುತ್ತದೆ. ಅದನ್ನು ಹಾರ್ಡ್‌ವೇರ್ ಐಡಿ ಅನ್ನುತ್ತಾರೆ. ಈ ಗುರುತು, ಇದಕ್ಕೆ ಇಂಥ ಆವೃತ್ತಿಯ ಲೈಸೆನ್ಸ್ ಇದೆ ಎಂಬ ದಾಖಲೆಯೊಂದಿಗೆ ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ಉಳಿಯುತ್ತದೆ. ಅದೇ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದಾಗ ಕೀ ಕೇಳದೆ ತಾನಾಗಿಯೇ ಆಕ್ಟಿವೇಟ್ ಆಗುವುದು ಇದರಿಂದಲೇ. ಯಾವ ಭಾಗಕ್ಕೆ ಎಷ್ಟು ತೂಕ ಎಂಬುದನ್ನು ಕಂಪನಿ ಬಹಿರಂಗಪಡಿಸಿಲ್ಲ, ಆದರೆ ಬೋರ್ಡಿನ ತೂಕವೇ ಹೆಚ್ಚು ಎನ್ನುವುದರಲ್ಲಿ ಅನುಮಾನವಿಲ್ಲ. ಬೋರ್ಡ್ ಬದಲಾದರೆ ಸರ್ವರ್ ಕಣ್ಣಿಗೆ ಅದು ಬೇರೆ ಕಂಪ್ಯೂಟರ್.

ಇಲ್ಲಿ ಎರಡು ವಿಷಯ ಬಿಡಿಸಿ ನೋಡಬೇಕು. ಲೈಸೆನ್ಸ್ ಎಂದರೆ ಬಳಸುವ ಹಕ್ಕು. ಆಕ್ಟಿವೇಷನ್ ಎಂದರೆ ಆ ಹಕ್ಕನ್ನು ಸರ್ವರ್ ಒಪ್ಪಿದ ಗುರುತು. ಹಕ್ಕಿದ್ದೂ ಆಕ್ಟಿವೇಷನ್ ಹೋಗಿರಬಹುದು, ಅದನ್ನು ಸರಿಪಡಿಸಬಹುದು. ಆಕ್ಟಿವೇಟ್ ಆಗಿದ್ದೂ ಹಕ್ಕೇ ಇಲ್ಲದಿರಬಹುದು. ಅಗ್ಗದ ಕೀ ಕೊಂಡವರ ಸ್ಥಿತಿ ಇದು, ಬೋರ್ಡ್ ಬದಲಿಸಿದ ದಿನ ಅದು ಬಯಲಾಗುತ್ತದೆ.

ನಿಮ್ಮದು ಯಾವ ಜಾತಿಯ ಲೈಸೆನ್ಸ್?

ರೀಟೇಲ್ ಲೈಸೆನ್ಸ್ ಕೊಂಡವರ ಸ್ವತ್ತು. ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಒಂದು ಸಲಕ್ಕೆ ಒಂದೇ ಯಂತ್ರ. ಒಇಎಂ (ಯಂತ್ರ ತಯಾರಕರ) ಲೈಸೆನ್ಸ್ ಯಂತ್ರದ ಜೊತೆ ಹುಟ್ಟಿ ಯಂತ್ರದ ಜೊತೆ ಮುಗಿಯುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಬರುವುದೆಲ್ಲ ಇದೇ. ಅಸೆಂಬಲ್ಡ್ ಪಿಸಿಗೆ ಅಂಗಡಿಯವರು ಸ್ಟಿಕರ್ ಸಮೇತ ಹಾಕಿಕೊಡುವ ಸಿಸ್ಟಮ್ ಬಿಲ್ಡರ್ ಪ್ಯಾಕ್ ಕೂಡ ಒಇಎಂ. ಒಇಎಂ ನಿಯಮ ಹೀಗಿದೆ: ಬೋರ್ಡ್ ಕೆಟ್ಟು ಬದಲಿಸಿದರೆ ಲೈಸೆನ್ಸ್ ಉಳಿಯುತ್ತದೆ, ವೇಗ ಹೆಚ್ಚಲಿ ಎಂದು ಬದಲಿಸಿದರೆ ಅದು ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್ ಬೇಕು. ಕೆಟ್ಟ ಬೋರ್ಡಿನ ಸರ್ವಿಸ್ ರಸೀದಿ ಇಟ್ಟುಕೊಳ್ಳಿ. ಸಪೋರ್ಟ್‌ನವರ ಜೊತೆ ಮಾತಾಡುವಾಗ ‘ಅಪ್‌ಗ್ರೇಡ್’ ಮತ್ತು ‘ರಿಪೇರಿ’ ಎಂಬ ಎರಡು ಪದಗಳ ನಡುವೆ ಭಾರಿ ಅಂತರವಿದೆ. ಮೂರನೆಯದು ಕಂಪನಿ, ಕಾಲೇಜುಗಳ ವಾಲ್ಯೂಮ್ ಲೈಸೆನ್ಸ್. ಅದು ಸಂಸ್ಥೆಯದು, ಅಲ್ಲಿನ ಐಟಿ ವಿಭಾಗಕ್ಕೆ ಬಿಟ್ಟುಬಿಡಿ.

ಪತ್ತೆ ಮಾಡುವುದು ಸುಲಭ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಡಿಎಲ್‌ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಸಣ್ಣ ಕಿಟಕಿಯೊಂದು ತೆರೆದು ಆವೃತ್ತಿಯ ಹೆಸರು, ಚಾನೆಲ್ (ಲೈಸೆನ್ಸಿನ ಬಗೆ), ಕೀಯ ಕೊನೆಯ 5 ಅಕ್ಷರ ತೋರಿಸುತ್ತದೆ. ಚಾನೆಲ್ ಜಾಗದಲ್ಲಿ ಒಇಎಂ_ಡಿಎಂ ಎಂದಿದ್ದರೆ ಕೀ ಬೋರ್ಡಿನ ಫರ್ಮ್‌ವೇರ್‌ನಲ್ಲಿದೆ (ಬೋರ್ಡಿನೊಳಗೇ ಬರೆದಿಟ್ಟ ತಂತ್ರಾಂಶ). ವಾಲ್ಯೂಮ್_ಎಂಎಕೆ ಅಥವಾ ವಾಲ್ಯೂಮ್_ಕೆಎಂಎಸ್‌ಕ್ಲೈಂಟ್ ಎಂದಿದ್ದು ಯಂತ್ರ ನಿಮ್ಮ ಮನೆಯದಾಗಿದ್ದರೆ, ಅದನ್ನು ಹಾಕಿಕೊಟ್ಟವರನ್ನು ಎರಡು ಪ್ರಶ್ನೆ ಕೇಳಬೇಕಾದೀತು.

ರೀಟೇಲ್ ಎಂದು ಕಂಡರೆ ಹಿಗ್ಗುವ ಮೊದಲು ಕೊನೆಯ 5 ಅಕ್ಷರ ನೋಡಿ. ಪ್ರೊ ಆವೃತ್ತಿಯಲ್ಲಿ 3ವಿ66ಟಿ, ಹೋಮ್‌ನಲ್ಲಿ 8ಎಚ್‌ವಿಎಕ್ಸ್7, ಹೋಮ್ ಸಿಂಗಲ್ ಲ್ಯಾಂಗ್ವೇಜ್‌ನಲ್ಲಿ 6ಎಫ್4ಬಿಟಿ ಎಂದಿದ್ದರೆ ಅದು ನಿಮ್ಮ ಕೀ ಅಲ್ಲ, ಎಲ್ಲರಿಗೂ ಒಂದೇ ಆಗಿರುವ ಜೆನೆರಿಕ್ ಕೀ. ಡಿಜಿಟಲ್ ಲೈಸೆನ್ಸ್ (ಕೀ ಬದಲು ಸರ್ವರ್‌ನ ದಾಖಲೆಯಲ್ಲೇ ಇರುವ ಹಕ್ಕು) ಇರುವ ಕೋಟಿಗಟ್ಟಲೆ ಯಂತ್ರಗಳಲ್ಲಿ ಇದೇ ಕೂತಿರುತ್ತದೆ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊಸ ಬೋರ್ಡಿಗೆ ಒತ್ತಿದರೆ ಆವೃತ್ತಿ ಬದಲಾಗಬಹುದು, ಆಕ್ಟಿವೇಟ್ ಮಾತ್ರ ಆಗುವುದಿಲ್ಲ. ಕೀ ತೋರಿಸುವ ಚಿಕ್ಕಪುಟ್ಟ ತಂತ್ರಾಂಶಗಳನ್ನು ನಂಬಿ ಮೋಸಹೋಗುವುದು ಬಹುಪಾಲು ಇಲ್ಲೇ. ಇಲ್ಲಿ ರೀಟೇಲ್ ಎಂಬ ಪದ ಆ ಜೆನೆರಿಕ್ ಕೀಯ ಗುಣವೇ ಹೊರತು ನಿಮ್ಮ ಹಕ್ಕಿನದಲ್ಲ. ವಿಂಡೋಸ್ 7ರ ಒಇಎಂ ಲ್ಯಾಪ್‌ಟಾಪ್‌ನಿಂದ ಉಚಿತವಾಗಿ 10ಕ್ಕೆ ಬಂದವರಿಗೂ ರೀಟೇಲ್ ಎಂದೇ ತೋರಿಸುತ್ತದೆ, ಹಕ್ಕು ಮಾತ್ರ ಒಇಎಂ ಆಗಿಯೇ ಉಳಿದಿರುತ್ತದೆ.

ವಿಂಡೋಸ್ 7, 8ರ ಹಳೆಯ ಕೀ ಒತ್ತಿ 10 ಅಥವಾ 11 ಆಕ್ಟಿವೇಟ್ ಮಾಡುವ ದಾರಿಯನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು. ಆ ದಾರಿಯಲ್ಲಿ ಬಂದವರು ಬೋರ್ಡ್ ಬದಲಿಸಿದರೆ ಹಳೆಯ ಡಿವಿಡಿ ಡಬ್ಬಿ ಕೈಹಿಡಿಯುವುದಿಲ್ಲ. ಖಾತೆಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್ ಒಂದೇ ಆಸರೆ.

ಬಿಚ್ಚುವ ಮುನ್ನ

ಮೊದಲ ಕೆಲಸ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ಎಂದು ಹೋಗಿ. 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ಆಕ್ಟಿವೇಷನ್. ‘ಡಿಜಿಟಲ್ ಲೈಸೆನ್ಸ್ ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್’ ಎಂಬರ್ಥದ ಸಾಲು ಕಂಡರೆ ಜೋಡಣೆ ಆಗಿದೆ. ಬರೀ ‘ಡಿಜಿಟಲ್ ಲೈಸೆನ್ಸ್’ ಎಂದಿದ್ದರೆ ಆಗಿಲ್ಲ, ಅಲ್ಲೇ ಕೆಳಗೆ ಖಾತೆ ಸೇರಿಸುವ ಗುಂಡಿ ಇರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿರಬೇಕು. ಮೈಕ್ರೋಸಾಫ್ಟ್ ಖಾತೆ ಇಟ್ಟುಕೊಳ್ಳಲು ಇಷ್ಟವಿಲ್ಲದವರು ಜೋಡಿಸಿದ ಮೇಲೆ ಲೋಕಲ್ ಖಾತೆಗೆ ಮರಳಬಹುದು.

ಜೋಡಣೆ ಯಾರ ಖಾತೆಗೆ ಎಂಬುದನ್ನೂ ನೋಡಿ. ಅಂಗಡಿಯಲ್ಲೇ ಸೆಟಪ್ ಮುಗಿಸಿಕೊಟ್ಟ ಪಿಸಿಗಳಲ್ಲಿ ಅಂಗಡಿಯ ಖಾತೆ, ಹುಡುಗರು ಸೆಟಪ್ ಮಾಡಿದ ಮನೆಯ ಪಿಸಿಯಲ್ಲಿ ಅವರು ಎಂದೋ ಮರೆತ ಖಾತೆ ಇರುವುದುಂಟು. ಇಮೇಲ್ ನಿಮ್ಮದೇ ಆದರೂ ಪಾಸ್‌ವರ್ಡ್ ನೆನಪಿದೆಯೇ, ಓಟಿಪಿ ಬರುವ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ದಿನವೂ 4 ಅಂಕಿಯ ಪಿನ್ ಒತ್ತಿ ಅಭ್ಯಾಸವಾದವರಿಗೆ ಪಾಸ್‌ವರ್ಡ್ ಎನ್ನುವುದೊಂದಿದೆ ಎಂಬುದೇ ಮರೆತಿರುತ್ತದೆ. ಪಿನ್ ಟಿಪಿಎಂಗೆ ಅಂಟಿಕೊಂಡಿರುತ್ತದೆ, ಟಿಪಿಎಂ ಬೋರ್ಡಿನಲ್ಲೋ ಪ್ರೊಸೆಸರ್‌ನಲ್ಲೋ ಇರುತ್ತದೆ. ಅದು ಬದಲಾದೊಡನೆ ಹಳೆಯ ಪಿನ್ ಸತ್ತಂತೆಯೇ.

ಎರಡನೆಯದು ಸಣ್ಣದಾಗಿ ಕಂಡರೂ ಬಹಳ ಉಪಕಾರಿ: ಕಂಪ್ಯೂಟರಿಗೆ ಗುರುತು ಸಿಗುವ ಹೆಸರಿಡಿ. ಡೆಸ್ಕ್‌ಟಾಪ್ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಹೆಸರು ಹಲವು ಯಂತ್ರಗಳಿಗೆ ಇದ್ದರೆ, ನಾಳೆ ಪಟ್ಟಿಯಿಂದ ಆರಿಸುವಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ. ಆವೃತ್ತಿಯ ಪೂರ್ತಿ ಹೆಸರನ್ನೂ ಬರೆದಿಟ್ಟುಕೊಳ್ಳಿ. ಇದರ ಮಹತ್ವ ಮುಂದೆ ಬರುತ್ತದೆ.

ಮೂರನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬೀಗ. ಇದಕ್ಕೂ ಲೈಸೆನ್ಸಿಗೂ ನೇರ ಸಂಬಂಧವಿಲ್ಲ, ಆದರೆ ಲೈಸೆನ್ಸ್ ಹೋದರೆ ದುಡ್ಡು ಹೋಗುತ್ತದೆ, ಇದನ್ನು ಮರೆತರೆ ಫೋಟೋ, ಕಡತ ಎಲ್ಲವೂ ಹೋಗುತ್ತವೆ. ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಇರುತ್ತದೆ, ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಟಿಪಿಎಂ ಬದಲಾದ ಕೂಡಲೇ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪುಟದಲ್ಲಿ ಅದು ಸಿಗುತ್ತದೆಯೇ ನೋಡಿ, ಸಿಕ್ಕರೆ ಕಾಗದದಲ್ಲಿ ಬರೆದುಕೊಳ್ಳಿ. ಹೋಮ್‌ನಲ್ಲಿ ಸೆಟ್ಟಿಂಗ್ಸ್‌ನಿಂದ ಎನ್‌ಕ್ರಿಪ್ಷನ್ ಆಫ್ ಮಾಡಿ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯುವುದೇ ನೆಮ್ಮದಿ. ಪ್ರೊದಲ್ಲಿ ಸಸ್ಪೆಂಡ್ ಮಾಡಿದರೆ ಸಾಕು. ಆದರೆ ಒಂದು ರೀಸ್ಟಾರ್ಟ್ ಆದಮೇಲೆ ಅದು ತಾನೇ ಮತ್ತೆ ಜಾರಿಗೆ ಬರಬಹುದು. ಅದಕ್ಕೆ ಪವರ್‌ಶೆಲ್‌ನಲ್ಲಿ ಸಸ್ಪೆಂಡ್-ಬಿಟ್‌ಲಾಕರ್ ಕಮಾಂಡಿಗೆ ರೀಬೂಟ್‌ಕೌಂಟ್ 0 ಎಂದು ಕೊಟ್ಟರೆ ನೀವು ಹೇಳುವವರೆಗೆ ಸುಮ್ಮನಿರುತ್ತದೆ. ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಎಎಂಡಿ ಬಳಕೆದಾರರೂ ಇದನ್ನು ಬಿಡಬಾರದು, ಅಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗಿನ ಟಿಪಿಎಂ) ಪ್ರೊಸೆಸರ್ ಜೊತೆಯೇ ಹೋಗುತ್ತದೆ.

ಹಳೆಯ ಡಿಸ್ಕನ್ನೇ ಹೊಸ ಬೋರ್ಡಿಗೆ ಹಾಕಿ ಮುಂದುವರಿಯುವ ಯೋಚನೆಯಿದ್ದರೆ ಡಿಸ್ಕ್ ಎಂಬಿಆರ್ ಮಾದರಿಯದೋ ಜಿಪಿಟಿ ಮಾದರಿಯದೋ ನೋಡಿ (ಡಿಸ್ಕನ್ನು ವಿಭಾಗಿಸುವ ಹಳೆಯ ಮತ್ತು ಹೊಸ ಕ್ರಮಗಳಿವು). ಹೊಸ ಬೋರ್ಡುಗಳಲ್ಲಿ ಹಲವಕ್ಕೆ ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಬಿಟ್ಟು ಬೇರೆ ಬೂಟ್ ಗೊತ್ತಿಲ್ಲ, ಎಂಬಿಆರ್ ಡಿಸ್ಕ್ ಅವುಗಳಲ್ಲಿ ಎದ್ದೇಳುವುದಿಲ್ಲ. ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಉಪಕರಣವಿದೆ. ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಕನ್ವರ್ಟ್, ಜೊತೆಗೆ ಅಲೋಫುಲ್‌ಓಎಸ್ ಎಂಬ ಸೇರ್ಪಡೆ. ಡಿಸ್ಕ್‌ನಲ್ಲಿ 3ಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಒಪ್ಪುವುದಿಲ್ಲ. ಇದನ್ನು ಬ್ಯಾಕಪ್ ಇಲ್ಲದೆ ಮಾಡಬೇಡಿ.

ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಯುಪಿಕೆ ಕೊಟ್ಟು ಹಳೆಯ ಯಂತ್ರದಿಂದ ಕೀ ‘ಬಿಡಿಸಿ’ಕೊಳ್ಳಬೇಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಆ ಯಂತ್ರದಿಂದ ಕೀಯನ್ನು ತೆಗೆಯುತ್ತದೆ, ಸರ್ವರ್‌ಗೆ ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಹಳೆಯ ಯಂತ್ರವನ್ನು ಬೇರೆಯವರಿಗೆ ಕೊಡುವಾಗ ಶಿಸ್ತಿಗಾಗಿ ಮಾಡಿ, ಅದರಿಂದ ಹೊಸ ಬೋರ್ಡಿನಲ್ಲಿ ದಾರಿ ಸುಗಮವಾಗುತ್ತದೆ ಎಂದುಕೊಳ್ಳಬೇಡಿ.

ಹೊಸ ಬೋರ್ಡ್ ಹಾಕಿದ ಮೇಲೆ

ಮೊದಲು ಬಯೋಸ್‌ಗೆ ಹೋಗಿ. ಟಿಪಿಎಂ ಆನ್ ಮಾಡಿ, ಇಂಟೆಲ್ ಬೋರ್ಡುಗಳಲ್ಲಿ ಇದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ದಿನಾಂಕ, ಗಂಟೆ ಸರಿಪಡಿಸಿ. ಇಸವಿ ತಪ್ಪಿದ್ದರೆ ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕ ಬೀಳುತ್ತದೆ, ಆಕ್ಟಿವೇಷನ್ ಏನೇನೋ ಕಾರಣ ಹೇಳಿ ಸೋಲುತ್ತದೆ. ಪ್ರತಿ ಸಲ ಗಂಟೆ ಹಿಂದಕ್ಕೆ ಹೋಗುತ್ತಿದ್ದರೆ ಸಿಆರ್2032 ಸೆಲ್ ಬದಲಿಸಿ. ಹಳೆಯ ಡಿಸ್ಕ್ ನೀಲಿ ಪರದೆ ತೋರಿಸಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದರೆ, ಅಥವಾ ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣದಿದ್ದರೆ, ಇಂಟೆಲ್ ಬೋರ್ಡಿನಲ್ಲಿ ವಿಎಂಡಿ ಎಂಬ ಆಯ್ಕೆಯನ್ನು ಆಫ್ ಮಾಡಿ ನೋಡಿ.

ಈಗ ಆವೃತ್ತಿಯ ಮಾತು. ಲೈಸೆನ್ಸ್ ಹೋಮ್‌ಗಿದ್ದು ಪ್ರೊ ಇನ್‌ಸ್ಟಾಲ್ ಮಾಡಿದರೆ ಆಕ್ಟಿವೇಟ್ ಆಗುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಇಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎನ್ನುವುದು ಮಾತ್ರ ಹಲವರ ಗಮನಕ್ಕೆ ಬಂದಿರುವುದಿಲ್ಲ. ಅದಕ್ಕೂ ಬರೀ ಹೋಮ್‌ಗೂ ನೋಡಲು ವ್ಯತ್ಯಾಸವೇ ತಿಳಿಯದು, ಸರ್ವರ್ ಕಣ್ಣಿಗೆ ಎರಡೂ ಬೇರೆ ಬೇರೆ. ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡುವಾಗ ಪಟ್ಟಿಯಲ್ಲಿ ಮೇಲಿರುವ ಹೋಮ್ ಒತ್ತಿಬಿಟ್ಟರೆ, ಲೈಸೆನ್ಸ್ ಕೈಯಲ್ಲಿದ್ದೂ ಅದು ಹೊಂದುವುದಿಲ್ಲ. ಬೋರ್ಡಿನ ಫರ್ಮ್‌ವೇರ್‌ನಲ್ಲಿ ಕೀ ಇದ್ದರೆ ಸೆಟಪ್ ಕೇಳುವುದೇ ಇಲ್ಲ, ಆ ಕೀಯ ಆವೃತ್ತಿಯನ್ನೇ ಹಾಕಿಬಿಡುತ್ತದೆ. ನಿಮ್ಮದು ಪ್ರೊ ಆಗಿದ್ದರೆ ಇನ್‌ಸ್ಟಾಲ್ ಮುಗಿದ ಮೇಲೆ ಇಂಟರ್‌ನೆಟ್ ತೆಗೆದು, ಚೇಂಜ್ ಪ್ರಾಡಕ್ಟ್ ಕೀ ಜಾಗದಲ್ಲಿ ಪ್ರೊ ಆವೃತ್ತಿಯ ಜೆನೆರಿಕ್ ಕೀ ಕೊಟ್ಟು ಆವೃತ್ತಿ ಏರಿಸಿ, ಆಮೇಲೆ ಆಕ್ಟಿವೇಷನ್‌ಗೆ ಬನ್ನಿ. ಆ ಜೆನೆರಿಕ್ ಕೀಗಿರುವ ಉಪಯೋಗ ಇಷ್ಟೇ.

ಆಕ್ಟಿವೇಷನ್ ಹೊತ್ತಿಗೆ ಇಂಟರ್‌ನೆಟ್ ಮತ್ತೆ ಜೋಡಿಸಲೇಬೇಕು. ಹೊಸ ಬೋರ್ಡಿನ ಲ್ಯಾನ್ ಅಥವಾ ವೈಫೈ ಚಿಪ್‌ಗೆ ವಿಂಡೋಸ್‌ನಲ್ಲಿ ಡ್ರೈವರ್ ಇಲ್ಲದಿರುವುದು ಸಾಮಾನ್ಯ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಯಾವ ಡ್ರೈವರೂ ಬೇಡ, ಕೆಲಸ ಸಾಗುತ್ತದೆ.

ರೀಟೇಲ್ ಕೀಯ 25 ಅಕ್ಷರ ಕೈಯಲ್ಲಿದ್ದರೆ ಮೊದಲು ಅದನ್ನೇ ಒತ್ತಿ ನೋಡಿ. ಡಿಜಿಟಲ್ ಲೈಸೆನ್ಸ್ ಇದ್ದವರು ಆಕ್ಟಿವೇಷನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಬೇಕು. ಅಡ್ಮಿನ್ ಖಾತೆಯಲ್ಲಿ ಇಲ್ಲದಿದ್ದರೆ, ಅಥವಾ ವಿಂಡೋಸ್ ಈಗಾಗಲೇ ಆಕ್ಟಿವ್ ಆಗಿದ್ದರೆ ಆ ಗುಂಡಿ ಕಾಣುವುದಿಲ್ಲ. ಒಂದೆರಡು ನಿಮಿಷ ತಿರುಗಿ ‘ಸರಿಪಡಿಸಲಾಗಲಿಲ್ಲ’ ಎಂಬ ಅರ್ಥದ ಮಾತು ಬಂದಾಗ ಕಿಟಕಿ ಮುಚ್ಚಬೇಡಿ. ಅದರ ಕೆಳಗೇ ‘ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ’ ಎಂಬ ಸಾಲಿರುತ್ತದೆ. ಅದನ್ನು ಒತ್ತಿ, ಲೈಸೆನ್ಸ್ ಜೋಡಿಸಿದ್ದ ಖಾತೆಯಿಂದಲೇ ಲಾಗಿನ್ ಆಗಿ. ಪಟ್ಟಿಯಲ್ಲಿ ಹಳೆಯ ಹೆಸರಿನ ಯಂತ್ರವನ್ನು ಆರಿಸಿ, ‘ಈಗ ಬಳಸುತ್ತಿರುವ ಯಂತ್ರ ಇದೇ’ ಎಂಬರ್ಥದ ಚೌಕಕ್ಕೆ ಟಿಕ್ ಹಾಕಿ, ಆಕ್ಟಿವೇಟ್ ಒತ್ತಿ. ಇಲ್ಲಿ ಹೊಸ ಹೆಸರನ್ನು ಆರಿಸಿ ಎಡವುವವರು ಬಹಳ. ಬೇಕಿರುವುದು ಲೈಸೆನ್ಸ್ ಇರುವ ಹಳೆಯದು.

ಆಗದಿದ್ದರೆ ಕೋಡ್ ನೋಡಿ. 0ಎಕ್ಸ್‌ಸಿ004ಎಫ್211 ಎಂದರೆ ಹಾರ್ಡ್‌ವೇರ್ ಬದಲಾಗಿದೆ ಎಂದು ಅದೇ ಹೇಳುತ್ತಿದೆ, ಟ್ರಬಲ್‌ಶೂಟರ್ ದಾರಿ ಸರಿ. 0ಎಕ್ಸ್803ಎಫ್7001 ಎಂದರೆ ಈ ಯಂತ್ರಕ್ಕೆ ಹೊಂದುವ ಲೈಸೆನ್ಸ್ ಸಿಗಲಿಲ್ಲ, ಆವೃತ್ತಿ ತಪ್ಪಿದೆಯೇ ನೋಡಿ. 0ಎಕ್ಸ್‌ಸಿ004ಸಿ008 ಎಂದರೆ ಕೀ ಮಿತಿ ಮೀರಿ ಬಳಕೆಯಾಗಿದೆ. ಅಪ್ಪಟ ರೀಟೇಲ್ ಕೀ ಆಗಿದ್ದರೆ ಈ ಕೊನೆಯದಕ್ಕೆ ಹೆದರಬೇಕಿಲ್ಲ. ಎಸ್‌ಎಲ್‌ಯುಐ ಎಂದು ಬರೆದು ಸ್ಪೇಸ್ ಕೊಟ್ಟು 4 ಎಂದು ಒತ್ತಿ, ದೇಶ ಭಾರತ ಎಂದು ಆರಿಸಿ. 7 ಅಂಕಿಗಳ 9 ಗುಂಪು, ಒಟ್ಟು 63 ಅಂಕಿಗಳ ಇನ್‌ಸ್ಟಾಲೇಷನ್ ಐಡಿ ಕಾಣುತ್ತದೆ. ಅಲ್ಲಿ ಹೇಳಿದ ದಾರಿಯಲ್ಲಿ ಅದನ್ನು ಒಪ್ಪಿಸಿದರೆ 48 ಅಂಕಿಗಳ ಕನ್ಫರ್ಮೇಷನ್ ಐಡಿ ಬರುತ್ತದೆ, ಅದನ್ನು ಎ ಇಂದ ಎಚ್ ವರೆಗಿನ 8 ಚೌಕಗಳಲ್ಲಿ ತುಂಬಬೇಕು. ಎಷ್ಟು ಯಂತ್ರದಲ್ಲಿ ಹಾಕಿದ್ದೀರಿ ಎಂದು ಕೇಳಿದರೆ ಉತ್ತರ ಒಂದು, ಅದು ನಿಜವೂ ಆಗಿರಬೇಕು.

ಇದೆಲ್ಲ ನಡೆಯುವಾಗ ಗಾಬರಿ ಬೇಡ. ಆಕ್ಟಿವೇಟ್ ಆಗದಿದ್ದರೂ ಯಂತ್ರ ನಡೆಯುತ್ತದೆ, ವಾಲ್‌ಪೇಪರ್, ಬಣ್ಣ ಬದಲಿಸಲು ಬಿಡುವುದಿಲ್ಲ, ಮೂಲೆಯ ಅಕ್ಷರ ಹೋಗುವುದಿಲ್ಲ, ಅಷ್ಟೇ. ಈ ಅವಸರದಲ್ಲೇ ಕೆಲವು ನೂರು ರೂಪಾಯಿಯ ಕೀ ಕೊಳ್ಳುವ ಮನಸ್ಸಾಗುವುದು. ಅವುಗಳಲ್ಲಿ ಹಲವು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ. ಇವತ್ತು ಹಸಿರು ಟಿಕ್ ಬರುತ್ತದೆ, ಆ ಕೀ ಬ್ಲಾಕ್ ಆದ ದಿನ ಮತ್ತೆ ಇಲ್ಲಿಗೇ ಬರುತ್ತೀರಿ.

ಲ್ಯಾಪ್‌ಟಾಪ್ ಕಥೆ ಬೇರೆ

ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪಿನ ಕೀ ಬೋರ್ಡಿನ ಫರ್ಮ್‌ವೇರ್‌ನಲ್ಲೇ, ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿರುತ್ತದೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡ್ ಬದಲಿಸಿದಾಗ ಹೊಸ ಬೋರ್ಡಿಗೆ ಸೀರಿಯಲ್ ನಂಬರ್, ಮಾಡೆಲ್ ಹೆಸರು ಮತ್ತು ವಿಂಡೋಸ್ ಕೀ ಮೂರನ್ನೂ ಬರೆಯಬೇಕು. ಅವರ ಭಾಷೆಯಲ್ಲಿ ಮೊದಲೆರಡು ಡಿಎಂಐ ಮಾಹಿತಿ, ಮೂರನೆಯದು ಡಿಪಿಕೆ. ಇದು ಅವರ ಕೆಲಸ, ನೀವು ಕೀ ಕೊಳ್ಳಬೇಕಾಗಿಲ್ಲ. ಮನೆಗೆ ತರುವ ಮೊದಲು ಕೌಂಟರ್‌ನಲ್ಲೇ ಪರೀಕ್ಷಿಸಿ. ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟೆನ್ಸ್ ವಿನ್32_ಬಯೋಸ್ (Get-CimInstance Win32_BIOS) ಎಂದು ಕೊಟ್ಟರೆ ಸೀರಿಯಲ್ ನಂಬರ್ ಬರುತ್ತದೆ, ಅದು ತಳಭಾಗದ ಸ್ಟಿಕರ್‌ಗೆ ಹೊಂದಬೇಕು. ಅದೇ ಕಮಾಂಡಿಗೆ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಎಂದು ಕೊಟ್ಟು ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ ಎಂಬ ಸಾಲು ನೋಡಿ. ಖಾಲಿಯಿದ್ದರೆ ಕೀ ಬರೆದಿಲ್ಲ, ಅಲ್ಲೇ ಬರೆಸಿ. ಡಬ್ಲ್ಯುಎಂಐಸಿ ಎಂಬ ಹಳೆಯ ಕಮಾಂಡ್ ಹೊಸ ವಿಂಡೋಸ್ 11ರಲ್ಲಿ ಇಲ್ಲದಿರಬಹುದು, ಪವರ್‌ಶೆಲ್ಲೇ ಭದ್ರ.

ವಾರಂಟಿ ಮುಗಿದವರು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಬೋರ್ಡ್ ಹಾಕಿಸುತ್ತಾರೆ. ದರದಲ್ಲಿ ಅದು ಸರಿಯಾದ ಲೆಕ್ಕವೇ. ಆದರೆ ಆ ಬೋರ್ಡಿನಲ್ಲಿ ಇರುವುದು ಅದರ ಮೊದಲ ಯಂತ್ರದ ಕೀ, ಅದರದೇ ಆವೃತ್ತಿ. ಅದು ತಾನಾಗಿ ಆಕ್ಟಿವೇಟ್ ಆದರೂ ನಿಮ್ಮ ಲೈಸೆನ್ಸ್ ಬಂತೆಂದು ಅರ್ಥವಲ್ಲ. ಕಂಪನಿಯೊಂದರ ಹಳೆಯ ಲ್ಯಾಪ್‌ಟಾಪಿನ ಬೋರ್ಡ್ ಆಗಿದ್ದರೆ ಇನ್ನೊಂದು ಅಪಾಯವಿದೆ. ಆ ಯಂತ್ರ ಆಟೊಪೈಲಟ್‌ನಲ್ಲಿ (ಕಂಪನಿಗಳು ತಮ್ಮ ಯಂತ್ರಗಳನ್ನು ನಿರ್ವಹಿಸಲು ಬಳಸುವ ಮೈಕ್ರೋಸಾಫ್ಟ್ ಸೇವೆ) ನೋಂದಣಿಯಾಗಿದ್ದರೆ ಸೆಟಪ್ ಹೊತ್ತಿಗೆ ಆ ಕಂಪನಿಯ ಲಾಗಿನ್ ಪರದೆ ಎದುರಾಗುತ್ತದೆ. ದುಡ್ಡು ಕೊಡುವ ಮೊದಲು ಇಂಟರ್‌ನೆಟ್ ಜೋಡಿಸಿ ಹೊಸ ಇನ್‌ಸ್ಟಾಲ್ ಒಂದನ್ನು ಅಂಗಡಿಯಲ್ಲೇ ಮಾಡಿಸಿ ನೋಡಿ.

ಎಲ್ಲ ಸರಿಯಾಗಿ ಟಿಕ್ ಬಂದ ಮೇಲೂ ಖಾತೆಯ ಡಿವೈಸ್ ಪಟ್ಟಿಯಿಂದ ಹಳೆಯ ಹೆಸರನ್ನು ಅಳಿಸುವ ಆತುರ ಬೇಡ. ಹೊಸ ಬೋರ್ಡ್ ವಾರಂಟಿಯಲ್ಲಿ ವಾಪಸ್ ಹೋಗುವ ಪ್ರಸಂಗ ಬಂದರೆ ಮತ್ತೆ ಇದೇ ಪಟ್ಟಿ ಬೇಕಾಗುತ್ತದೆ. ಹೊಸ ಬೋರ್ಡ್ ನೆಲೆಗೊಂಡಿತು ಎನಿಸಿದ ಮೇಲೆ, ಪುಟದಲ್ಲಿ ‘ಲಿಂಕ್ಡ್’ ಎಂಬ ಪದ ಹೊಸ ಯಂತ್ರದಲ್ಲೂ ಇದೆಯೆಂದು ನೋಡಿಕೊಂಡು, ಬಿಟ್‌ಲಾಕರ್ ಮತ್ತೆ ಆನ್ ಮಾಡಿ, ಅದರ ಹೊಸ ರಿಕವರಿ ಕೀ ಬರೆದಿಟ್ಟುಕೊಂಡು ಆಮೇಲೆ ಅಳಿಸಿ.